ಶಾಂಘೈ ಗೊತ್ತು, ಗುಬ್ಬಿ ಗೊತ್ತಿಲ್ಲ

ಹೋದ ಸೆಮಿಸ್ಟರ್‌ನಲ್ಲಿ ಇಂಟರ್ನಲ್ಸ್ ಮುಗಿದ ವಾರ ನಮ್ಮ ಹಾಸ್ಟೆಲ್ ರೂಮಿನಲ್ಲಿ ಒಂದು ಪುಸ್ತಕ ಕೈಯಿಂದ ಕೈಗೆ ಓಡಾಡಿತು. 'ಡೆತ್ ಆಫ್ ಎ ರೆಡ್ ಹೀರೋಯಿನ್'. ಬರೆದವರು ಚಿಯು ಶಿಯಾವೊಲಾಂಗ್. ಪತ್ತೇದಾರಿ ಕಾದಂಬರಿ ಅಲ್ವಾ, ಒಂದು ರಾತ್ರಿಗೆ ಮುಗಿಯುತ್ತೆ ಅಂದುಕೊಂಡು ಶುರು ಮಾಡಿದ್ವಿ. ಮುಗಿಯಲಿಲ್ಲ. ನಾಲ್ಕು ಜನ ಓದಿ ಮುಗಿಸುವಷ್ಟರಲ್ಲಿ ತಿಂಗಳು ಕಳೆದಿತ್ತು, ಎರಡು ಜಗಳಾನೂ ಆಗಿತ್ತು. ಆ ಜಗಳಗಳಿಂದಲೇ ಈ ಲೇಖನ ಹುಟ್ಟಿದ್ದು.

ಮೊದಲು ಕಥೆ. 1990ರ ಶಾಂಘೈ. ಕಾಲುವೆಯೊಂದರಲ್ಲಿ ಒಬ್ಬ ಹೆಣ್ಣುಮಗಳ ಶವ ಸಿಗುತ್ತೆ. ಆಕೆ ಸಾಮಾನ್ಯಳಲ್ಲ, ಸರ್ಕಾರವೇ ಮೆಚ್ಚಿ ಬಿರುದು ಕೊಟ್ಟ 'ರಾಷ್ಟ್ರೀಯ ಮಾದರಿ ಕಾರ್ಮಿಕೆ'. ತನಿಖೆ ಮಾಡುವ ಇನ್‌ಸ್ಪೆಕ್ಟರ್ ಚೆನ್ ಕವಿ, ಇಂಗ್ಲಿಷ್ ಸಾಹಿತ್ಯ ಓದಿಕೊಂಡವನು. ಜೊತೆಗಾರ ಯೂ, ಸಾಂಸ್ಕೃತಿಕ ಕ್ರಾಂತಿಯ ಕಾಲದಲ್ಲಿ ಓದು ಬಿಡಿಸಿ ದೂರದ ಹಳ್ಳಿಗೆ ಕಳಿಸಲ್ಪಟ್ಟ ಲಕ್ಷಾಂತರ ಹುಡುಗರಲ್ಲಿ ಒಬ್ಬ. ಅನುಮಾನ ನಿಧಾನವಾಗಿ ಪಕ್ಷದ ದೊಡ್ಡ ನಾಯಕರೊಬ್ಬರ ಮನೆ ಕಡೆ ತಿರುಗುತ್ತೆ. ಆಮೇಲೆ ಪ್ರಶ್ನೆ ಕೊಂದವರು ಯಾರು ಅನ್ನೋದಲ್ಲ, ಅದನ್ನ ಹೇಳೋಕೆ ಬಿಡ್ತಾರಾ ಅನ್ನೋದು.

ನಮ್ಮನ್ನ ಹಿಡಿದದ್ದು ಕೊಲೆಗಿಂತ ಅದರ ಸುತ್ತ ಇದ್ದದ್ದು. ಒಂದೇ ಕೋಣೆಯಲ್ಲಿ ಸಂಸಾರ ಮಾಡುವ ಪೊಲೀಸ್, ಮನೆ ಮಂಜೂರಾಗೋಕೆ ವರ್ಷಗಟ್ಟಲೆ ಕಾಯುವ ಜನ, 1966ರಿಂದ 1976ರವರೆಗಿನ ಆ ಹತ್ತು ವರ್ಷದ ನೆನಪನ್ನ ಬಾಯಿಬಿಡದೆ ಇಟ್ಟುಕೊಂಡವರು. ಲೇಖಕರ ತಂದೆಯೇ 'ಬಂಡವಾಳಶಾಹಿ' ಅಂತ ಹಣೆಪಟ್ಟಿ ಹಚ್ಚಿಸಿಕೊಂಡು ಕಷ್ಟ ಪಟ್ಟವರು. ಚಿಯು 1988ರಲ್ಲಿ ಟಿ.ಎಸ್. ಎಲಿಯಟ್ ಬಗ್ಗೆ ಅಧ್ಯಯನ ಮಾಡಲು ಅಮೆರಿಕಕ್ಕೆ ಹೋದರು. ಮರುವರ್ಷ ತಿಯಾನನ್‌ಮೆನ್ ಆಯ್ತು, ಅಲ್ಲೇ ಉಳಿದುಬಿಟ್ಟರು. ತಮ್ಮ ಊರಿನ ಕಥೆಯನ್ನ ಇಂಗ್ಲಿಷಿನಲ್ಲಿ ಬರೆದರು, 2000ರಲ್ಲಿ ಪುಸ್ತಕ ಬಂತು. ಅದು ಚೀನೀ ಭಾಷೆಗೆ ಅನುವಾದವಾದಾಗ ಶಾಂಘೈ ಅನ್ನೋ ಹೆಸರೇ ಮಾಯವಾಗಿ 'ಎಚ್ ನಗರ' ಆಯಿತು!

ಇದನ್ನ ಓದಿ ನಾವು ಬಿದ್ದು ಬಿದ್ದು ನಕ್ಕೆವು. ನಗುವಿನ ಮಧ್ಯೆ ನಮ್ಮಲ್ಲೊಬ್ಬ ಕೇಳಿದ: "ಸರಿ, ತುಮಕೂರಿನ ಎಚ್‌ಎಂಟಿ ಯಾವಾಗ ಮುಚ್ಚಿತು?" ಯಾರಿಗೂ ಗೊತ್ತಿಲ್ಲ. ಸಾಂಸ್ಕೃತಿಕ ಕ್ರಾಂತಿಯ ಇಸವಿ ಪಟಪಟ ಹೇಳಿದವರು ನಾವೇ. ಬಸ್ಸಲ್ಲಿ ದಿನಾ ಕಿವಿಗೆ ಬೀಳುವ ಎಚ್‌ಎಂಟಿ ಅನ್ನೋ ಹೆಸರಿನ ಹಿಂದೆ ಏನಿತ್ತು ಅಂತ ಹೇಳಲಾಗದವರೂ ನಾವೇ. ಮೊದಲನೇ ಜಗಳ ಅಲ್ಲಿಂದ ಶುರುವಾಯ್ತು. ತಪ್ಪು ನಮ್ಮದಾ, ನಮ್ಮ ಸಿಲಬಸ್ಸಿನದಾ?

ನಾವೆಲ್ಲ ಇಂಗ್ಲಿಷ್ ಮೀಡಿಯಂ ಮಕ್ಕಳು. ಕನ್ನಡ ನಮಗೆ ಮನೆಯಲ್ಲಿ ಆಡೋ ಭಾಷೆ, ಸ್ಕೂಲಲ್ಲಿ ಪಾಸಾಗಬೇಕಿದ್ದ ಸಬ್ಜೆಕ್ಟು. ಕಥೆ ಓದಬೇಕು ಅನ್ನಿಸಿದರೆ ಕೈ ತಾನಾಗಿ ಇಂಗ್ಲಿಷ್ ಕಡೆಗೇ ಹೋಗುತ್ತೆ. ಹಾಗಾಗಿ ಕನ್ನಡದಲ್ಲಿ ಪತ್ತೇದಾರಿ ಅಂದ್ರೆ ನಮಗೆ ಸಿನಿಮಾ, ಅಷ್ಟೇ. ಕನ್ನಡದಲ್ಲಿ ಎನ್. ನರಸಿಂಹಯ್ಯ ಅನ್ನುವವರು ಐನೂರಕ್ಕೂ ಹೆಚ್ಚು ಪತ್ತೇದಾರಿ ಕಾದಂಬರಿ ಬರೆದಿದ್ದರು, ಅವರ ಪತ್ತೇದಾರ ಪುರುಷೋತ್ತಮನಿಗೋಸ್ಕರ ಜನ ಕಾಯ್ತಿದ್ದರು ಅಂತ ನಮಗೆ ಹೇಳಿದ್ದು ನಮ್ಮಲ್ಲೊಬ್ಬನ ಅಜ್ಜಿ. ಆಕೆ ಓದಿದ್ದು ಮಿಡ್ಲ್ ಸ್ಕೂಲ್. ಬಾಡಿಗೆ ಲೈಬ್ರರಿಯಿಂದ ತಂದು, ಅಡುಗೆಮನೆಯಲ್ಲಿ ಕದ್ದು ಓದ್ತಿದ್ದರಂತೆ.

ಅದೇ ಅಜ್ಜಿ ಕೊಟ್ಟ ಇನ್ನೊಂದು ಹೆಸರು 'ಚಿದಂಬರ ರಹಸ್ಯ'. ಪೂರ್ಣಚಂದ್ರ ತೇಜಸ್ವಿ, 1985. 1987ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಈ ಕಾದಂಬರಿಗೆ ಬಂತು. ಸತ್ಯ ಹೇಳ್ತೀವಿ, ಮೊದಲ ಇಪ್ಪತ್ತು ಪುಟಕ್ಕೆ ನಮಗೆ ಒಂದು ವಾರ ಹಿಡಿಯಿತು. ಒತ್ತಕ್ಷರ ಬಂದಲ್ಲೆಲ್ಲ ಬ್ರೇಕ್. ಒಬ್ಬ ಜೋರಾಗಿ ಓದೋದು, ಉಳಿದವರು ಕೇಳೋದು ಅಂತ ಮಾಡಿದ ಮೇಲೆ ಗಾಡಿ ಓಡಿತು.

ಮಲೆನಾಡಿನ ಕೆಸರೂರು. ಏಲಕ್ಕಿ ಬೆಳೆ ನೆಲಕಚ್ಚುತ್ತಿದೆ. ಏಲಕ್ಕಿ ಸಂಶೋಧನೆಯಲ್ಲಿದ್ದ ಜೋಗಿಹಾಳ್ ಅನ್ನುವವರು ಅನುಮಾನ ಹುಟ್ಟಿಸುವ ರೀತಿಯಲ್ಲಿ ಸತ್ತಿದ್ದಾರೆ. ಅಂಗಡಿ ಅನ್ನುವ ತನಿಖಾಧಿಕಾರಿ ಬರ್ತಾನೆ. ಗೌಡರ ಮನೆ ಮೇಲೆ ಎಲ್ಲಿಂದಲೋ ಕಲ್ಲು ಬೀಳ್ತವೆ. ಊರಿನ ಹುಡುಗರು ಕ್ರಾಂತಿ ಮಾತಾಡ್ತಾರೆ, ಜಾತಿ ಧರ್ಮದ ಕಿಡಿ ಅಲ್ಲಲ್ಲಿ ಹಾರ್ತಿದೆ. ಅಂಗಡಿ ಒಂದು ಸಾವಿನ ಕಾರಣ ಹುಡುಕ್ತಾ ಹೋದ ಹಾಗೆ ನಮಗೆ ಕಾಣೋದು ಇಡೀ ಊರು ಹೇಗೆ ಸಾಯ್ತಿದೆ ಅನ್ನೋದು. ಕಾಡು, ಬೆಳೆ, ದುಡ್ಡು, ಸುಳ್ಳು, ಭಯ ಎಲ್ಲಾ ಒಂದಕ್ಕೊಂದು ಹೆಣೆದುಕೊಂಡಿವೆ. ಕೊನೆ ಹೇಳಲ್ಲ. ಓದಿ.

ಎರಡೂ ಪುಸ್ತಕ ಪಕ್ಕಪಕ್ಕ ಇಟ್ಟಾಗ ಒಂದು ವಿಷಯ ಸ್ಪಷ್ಟವಾಯಿತು. ಒಳ್ಳೇ ಪತ್ತೇದಾರಿ ಕಾದಂಬರಿಯಲ್ಲಿ ಶವ ಒಂದು ನೆಪ. ಪತ್ತೇದಾರ ಅಂದ್ರೆ ಯಾರ ಮನೆ ಬಾಗಿಲನ್ನ ಬೇಕಾದರೂ ತಟ್ಟಿ "ಆವತ್ತು ಏನಾಯ್ತು?" ಅಂತ ಕೇಳುವ ಹಕ್ಕಿರುವವನು. ಸಾಹುಕಾರನನ್ನೂ ಕೇಳ್ತಾನೆ, ಕೂಲಿಯವನನ್ನೂ ಕೇಳ್ತಾನೆ. ಹಾಗೆ ಕೇಳ್ತಾ ಹೋದ್ರೆ ಊರಿನ ಚರಿತ್ರೆ ತಾನಾಗಿ ಹೊರಗೆ ಬರುತ್ತೆ. ನಮ್ಮ ಪಠ್ಯಪುಸ್ತಕದ ಚರಿತ್ರೆ ರಾಜರಿಂದ ಶುರುವಾಗಿ ಸ್ವಾತಂತ್ರ್ಯಕ್ಕೆ ನಿಲ್ಲುತ್ತೆ. ನಮ್ಮ ತಾತ, ಅಪ್ಪ ಬದುಕಿದ ಐವತ್ತು ವರ್ಷ ಅದರಲ್ಲಿಲ್ಲ.

ಹಾಗಾದ್ರೆ ನಮ್ಮ ಜಿಲ್ಲೆಯಲ್ಲಿ ತೆರೆಯದ ಫೈಲು ಯಾವುದಿದೆ? ಕೂತು ಮೂರು ಹುಡುಕಿದ್ವಿ.

ಮೊದಲನೆಯದು ಅದೇ ಎಚ್‌ಎಂಟಿ. ತುಮಕೂರಿನಲ್ಲಿ ಕೈಗಡಿಯಾರ ಮಾಡುತ್ತಿದ್ದ ಸರ್ಕಾರಿ ಕಾರ್ಖಾನೆ. ಎಚ್‌ಎಂಟಿ ವಾಚಸ್ ಕಂಪನಿಯನ್ನು ಮುಚ್ಚಲು ಕೇಂದ್ರ ಸಂಪುಟ ಒಪ್ಪಿದ್ದು 2016ರ ಜನವರಿಯಲ್ಲಿ. ಇಲ್ಲಿನ ಜಾಗ ಆಮೇಲೆ ಇಸ್ರೋ ಕೈಗೆ ಹೋಯಿತು. ಶಾಂಘೈ ಕಾದಂಬರಿಯ ಮಾದರಿ ಕಾರ್ಮಿಕೆಯ ಕಥೆ ಓದಿ ಮರುಗಿದ ನಾವು, ಇಲ್ಲಿ ದುಡಿದು ವಿಆರ್‌ಎಸ್ ತಗೊಂಡು ಮನೆಗೆ ಹೋದವರನ್ನ ಒಂದು ದಿನವೂ ಮಾತಾಡಿಸಿಲ್ಲ. ನಾವು ನಾಳೆ ಕೆಲಸ ಹುಡುಕೋರು. ಒಂದು ಕಾರ್ಖಾನೆ ಹೇಗೆ ಸಾಯುತ್ತೆ ಅಂತ ತಿಳಿಯೋದು ಪ್ಲೇಸ್‌ಮೆಂಟ್ ಟ್ರೇನಿಂಗ್‌ಗಿಂತ ಕಮ್ಮಿ ಮುಖ್ಯವಾ?

ಎರಡನೆಯದು ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲ್. ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ, 615 ಎಕರೆ. ಶಂಕುಸ್ಥಾಪನೆ ಆಗಿದ್ದೂ 2016ರ ಜನವರಿಯಲ್ಲೇ, ಉದ್ಘಾಟನೆ 2023ರ ಫೆಬ್ರವರಿ 6ರಂದು. ಒಂದೇ ತಿಂಗಳಲ್ಲಿ ಒಂದು ಜಿಲ್ಲೆಯ ಹಳೇ ಕಾರ್ಖಾನೆಯ ಹಣೆಬರಹವೂ ಹೊಸದರ ಅಡಿಗಲ್ಲೂ ಬರೆದಾಯಿತು! ನಮಗೆಲ್ಲ ಅಲ್ಲಿ ಇಂಟರ್ನ್‌ಶಿಪ್ ಆಸೆ. ಆದರೆ 'ಕಾವಲ್' ಅಂದ್ರೆ ಏನು ಅಂತ ಯಾರಿಗೂ ಗೊತ್ತಿರಲಿಲ್ಲ. ಕಾವಲು ಅಂದ್ರೆ ದನ ಮೇಯೋಕೆ ಕಾದಿಟ್ಟ ಹುಲ್ಲುಗಾವಲಂತೆ. ಮೈಸೂರು ಅರಸರ ಕಾಲದಲ್ಲಿ ಅಮೃತ ಮಹಲ್ ದನಗಳಿಗೆ ಇಂಥ ಕಾವಲುಗಳಿದ್ದವು. ಅಂದರೆ ಸುಳಿವು ಬೋರ್ಡಿನ ಮೇಲೇ ಬರೆದಿದೆ, ಓದೋಕೆ ಬೇಕಾದ ಕನ್ನಡ ನಮ್ಮ ಹತ್ತಿರ ಇರಲಿಲ್ಲ.

ಮೂರನೆಯದು ನೀರು. ಗುಬ್ಬಿ ಕಡೆಯಿಂದ ಕುಣಿಗಲ್ ಕಡೆಗೆ ನೇರವಾಗಿ ನೀರು ಒಯ್ಯುವ ಹೇಮಾವತಿ ಎಕ್ಸ್‌ಪ್ರೆಸ್ ಲಿಂಕ್ ಕೆನಾಲ್. 2025ರ ಮೇ ಕೊನೆಯಲ್ಲಿ ಇದರ ವಿರುದ್ಧ ಗುಬ್ಬಿ ತಾಲ್ಲೂಕಿನಲ್ಲಿ ರೈತರು ಬೀದಿಗಿಳಿದಿದ್ದು ಎಲ್ಲರಿಗೂ ನೆನಪಿದೆ. ನಮ್ಮ ಎರಡನೇ ಜಗಳ ಇದರ ಮೇಲೆ. ರೂಮಲ್ಲಿ ಒಬ್ಬ ಗುಬ್ಬಿ ಕಡೆಯವನು, ಒಬ್ಬ ಕುಣಿಗಲ್ ಕಡೆಯವನು. "ನಮ್ಮ ನೀರು ಕದೀತೀರ" ಅಂತ ಒಬ್ಬ. "ಕಾಲುವೆ ಕೊನೇಲಿರೋ ನಮಗೆ ಯಾವತ್ತು ನೀರು ಬಿಟ್ಟಿದೀರ" ಅಂತ ಇನ್ನೊಬ್ಬ. ಎರಡು ದಿನ ಮಾತು ಬಿಟ್ಟರು, ಊಟಕ್ಕೂ ಬೇರೆ ಬೇರೆ ಹೋದರು. ತಮಾಷೆ ಅಂದ್ರೆ ಇಬ್ಬರೂ ಸಿವಿಲ್ ಬ್ರಾಂಚು. ಕಾಲುವೆಯ ಮೇಲಿನ ಭಾಗದಲ್ಲಿ ಹರಿದ ನೀರು ಕೊನೆಗೆ ಎಷ್ಟು ತಲುಪುತ್ತೆ ಅನ್ನೋದು ಅವರ ಸಬ್ಜೆಕ್ಟೇ. ಆದ್ರೂ ಇಬ್ಬರೂ ಹೇಳಿದ್ದು ಅವರವರ ತಾತ ಹೇಳಿದ ಮಾತು.

ಪತ್ತೇದಾರಿ ಕಾದಂಬರಿ ಕಲಿಸೋ ದೊಡ್ಡ ಪಾಠ ಇಲ್ಲೇ ಬೇಕಾಗಿದ್ದು. ಅಪರಾಧಿ ಯಾರು ಅಂತ ಮೊದಲನೇ ಅಧ್ಯಾಯದಲ್ಲೇ ತೀರ್ಮಾನಿಸಬೇಡ. ಎಲ್ಲ ಸಾಕ್ಷಿಗಳನ್ನೂ ಕೇಳು. ಇಬ್ಬರು ತಾತಂದಿರೂ ಸುಳ್ಳು ಹೇಳ್ತಿಲ್ಲ, ಇಬ್ಬರೂ ಕಂಡದ್ದನ್ನೇ ಹೇಳ್ತಿದ್ದಾರೆ. ಪ್ರಶ್ನೆ ಅವರಿಬ್ಬರ ಮಧ್ಯೆ ಏನಾಯ್ತು ಅನ್ನೋದು.

"ಚೀನಾ ಬೇರೆ, ನಾವು ಬೇರೆ" ಅಂತ ಕೆಲವರು ಹೇಳ್ತಾರೆ. ನಿಜ. ನಮ್ಮಲ್ಲಿ ತುಮಕೂರನ್ನ 'ಟಿ ನಗರ' ಅಂತ ಬರೀಬೇಕಾದ ಗತಿ ಯಾರಿಗೂ ಬಂದಿಲ್ಲ. ನಮಗೆ ಮಾಹಿತಿ ಹಕ್ಕು ಕಾಯ್ದೆ ಇದೆ, ಹತ್ತು ರೂಪಾಯಿ ಕೊಟ್ಟು ಅರ್ಜಿ ಹಾಕಬಹುದು. ಅದಕ್ಕೇ ನಮಗೆ ಹೆಚ್ಚು ನಾಚಿಕೆಯಾಗಿದ್ದು. ಚಿಯು ತಮ್ಮ ಊರಿನ ಸತ್ಯ ಹೇಳೋಕೆ ತಮ್ಮ ಭಾಷೆ ಬಿಟ್ಟು ಹೊರಗೆ ನಿಲ್ಲಬೇಕಾಯ್ತು. ನಮ್ಮನ್ನ ಯಾರೂ ಹೊರಗೆ ಹಾಕಿಲ್ಲ. ನಾವೇ ಬಂದು ಹೊರಗೆ ನಿಂತಿದ್ದೀವಿ.

"ಪತ್ತೇದಾರಿ ಎಲ್ಲಾ ಟೈಂಪಾಸು, ಕನ್ನಡ ಓದೋದಾದ್ರೆ ಮೊದಲು ದೊಡ್ಡ ಕಾವ್ಯ ಓದಿ" ಅನ್ನೋ ಸೀನಿಯರ್‌ಗಳೂ ನಮ್ಮ ಬಳಗದಲ್ಲೇ ಇದ್ದಾರೆ. ಅವರ ಮೇಲೆ ಗೌರವ ಇದೆ. ಆದರೆ ನಮ್ಮಂಥವರಿಗೆ ಮುಂದಿನ ಪುಟ ತಿರುಗಿಸುವ ಆಸೆ ಹುಟ್ಟಬೇಕು, ಆಗ ಒತ್ತಕ್ಷರ ಅಡ್ಡ ಬರಲ್ಲ. ಮಿಡ್ಲ್ ಸ್ಕೂಲ್ ಅಜ್ಜಿಗೆ ಓದು ಹತ್ತಿಸಿದ್ದು ಪುರುಷೋತ್ತಮ. ನಮಗೆ ಅಂಗಡಿ. ಕಾವ್ಯಕ್ಕೂ ಬರ್ತೀವಿ, ಸ್ವಲ್ಪ ಟೈಮ್ ಕೊಡಿ.

ಬಳಗಕ್ಕೆ ನಮ್ಮ ಕೋರಿಕೆ ಎರಡು. ನಮ್ಮ ಲೈಬ್ರರಿ ಕಪಾಟಿನಲ್ಲಿ ಪತ್ತೇದಾರಿ ಕಾದಂಬರಿಗಳಿಗೆ ಒಂದು ಸಾಲು ಬಿಡಿ. ಮತ್ತು ಈ ರಜೆಯಲ್ಲಿ ಊರಿಗೆ ಹೋದಾಗ ಪ್ರತಿಯೊಬ್ಬರೂ ಮನೆಯ ಹಿರಿಯರೊಬ್ಬರನ್ನ ಕೂರಿಸಿಕೊಂಡು "ಆವತ್ತು ಏನಾಯ್ತು?" ಅಂತ ಕನ್ನಡದಲ್ಲಿ ಕೇಳಿ ಬರೆದುಕೊಂಡು ಬನ್ನಿ. ಎಚ್‌ಎಂಟಿ, ಕಾವಲು, ಕೆನಾಲು, ಕೆರೆ, ಯಾವುದಾದ್ರೂ ಸರಿ. ಗುಬ್ಬಿಯವನು ಕುಣಿಗಲ್‌ಗೆ, ಕುಣಿಗಲ್‌ನವನು ಗುಬ್ಬಿಗೆ ಹೋಗಿ ಪರಸ್ಪರರ ತಾತಂದಿರನ್ನ ಕೇಳೋದು ಅಂತ ನಮ್ಮ ರೂಮಲ್ಲಿ ತೀರ್ಮಾನ ಆಗಿದೆ. ಬಸ್ ಚಾರ್ಜು ಶೇರಿಂಗ್.

'ಚಿದಂಬರ ರಹಸ್ಯ' ಸದ್ಯ ನಮ್ಮ ರೂಮಲ್ಲೇ ಇದೆ. ಬೇಕಾದವರು ಬಂದು ತಗೊಂಡು ಹೋಗಿ. ಕೊನೇ ಪುಟ ಮಾತ್ರ ಮೊದಲೇ ನೋಡಬೇಡಿ.