ಒಂದು ಹನಿ ಕೆರೆ ನೀರು

ವರ್ತೂರು ಕೆರೆಯಲ್ಲಿ ನೊರೆ ಎದ್ದರೆ ನಾವು ಮೊದಲು ಮಾಡೋದು ರೀಲ್ಸ್. ಆ ನೀರಿನ ಒಂದು ಹನಿಯನ್ನು ಸ್ಲೈಡ್ ಮೇಲಿಟ್ಟು ನೋಡಿದವರು ನಮ್ಮಲ್ಲಿ ಎಷ್ಟು ಜನ?

1674ರಲ್ಲಿ ಹಾಲೆಂಡಿನ ಬಟ್ಟೆ ವ್ಯಾಪಾರಿ ಲೀವನ್‌ಹಾಕ್ ಮಾಡಿದ್ದು ಅಷ್ಟೇ. ತಾನೇ ತಯಾರಿಸಿದ ಒಂಟಿ ಮಸೂರದಲ್ಲಿ ಕೆರೆ ನೀರು ನೋಡಿದ. ಓಡಾಡುವ ಜೀವಿಗಳು ಕಂಡವು. ಎರಡೇ ವರ್ಷದಲ್ಲಿ ಬ್ಯಾಕ್ಟೀರಿಯಾವನ್ನೂ ಕಂಡ. ಡಿಗ್ರಿ ಇರಲಿಲ್ಲ, ಕುತೂಹಲ ಇತ್ತು. ಮುಂದೆ ಅವನ್ನು ಬೆಳೆಸೋ ಅಗರ್ ಕೂಡ ಲ್ಯಾಬಿಗೆ ಬಂದಿದ್ದು ಅಡುಗೆಮನೆಯಿಂದ. 1881ರಲ್ಲಿ ಆ ಸಲಹೆ ಕೊಟ್ಟಾಕೆ ಫ್ಯಾನಿ ಹೆಸ್.

‘ಅದೆಲ್ಲ ಬಯೋಟೆಕ್‌ನವರ ವಿಷಯ’ ಅಂತ ನಾವು ಜಾರಿಕೊಳ್ಳೋದು ತಪ್ಪು. ಕ್ಯಾಂಪಸ್ಸು, ಅಪಾರ್ಟ್‌ಮೆಂಟುಗಳ ಎಸ್‌ಟಿಪಿಯಲ್ಲಿ ಕೊಳೆ ತಿನ್ನೋದು ಬ್ಯಾಕ್ಟೀರಿಯಾ. ಬ್ಲೋವರ್ ಓಡೋದು ಅವಕ್ಕೆ ಉಸಿರು ಕೊಡೋಕೆ. ಕರೆಂಟ್ ಬಿಲ್ ಉಳಿಸೋಕೆ ಅದನ್ನು ದಿನಗಟ್ಟಲೆ ನಿಲ್ಲಿಸಿದರೆ ಅವು ಸಾಯುತ್ತವೆ. ಕೊಳಚೆ ಹಾಗೇ ರಾಜಕಾಲುವೆ ಹಿಡಿದು ಕೆರೆ ಸೇರುತ್ತೆ. ಬ್ಲೋವರ್, ಪಂಪ್, ಸೆನ್ಸರ್ ಎಲ್ಲ ನಮ್ಮದೇ ಸಿಲಬಸ್ ತಾನೆ?

ಈ ಸೆಮಿಸ್ಟರಿನ ಒಂದು ಶನಿವಾರ ಗ್ಲೌಸ್ ಹಾಕ್ಕೊಂಡು ಹೊರಡೋಣ. ನಮ್ಮ ಎಸ್‌ಟಿಪಿಯದ್ದೊಂದು ಹನಿ, ಕೆರೆಯದ್ದೊಂದು ಹನಿ, ಎರಡನ್ನೂ ಮೈಕ್ರೋಸ್ಕೋಪಿನಲ್ಲಿ ನೋಡೋಣ. ರೀಲ್ಸ್ ಆಮೇಲೆ ಮಾಡಿದರಾಯ್ತು.