ರನ್‌ವೇ ಮೇಲೆ ಬಿದ್ದ ಮಳೆ ಎಲ್ಲಿಗೆ ಹೋಗುತ್ತೆ? ಕನ್ನಡದಲ್ಲೇ ಕೇಳೋಣ



ಹೆಸರು ಸೇಲಂ ವಿಮಾನ ನಿಲ್ದಾಣ, ಇರೋದು ಓಮಲೂರು ತಾಲೂಕಿನ ಕಾಮಲಾಪುರದಲ್ಲಿ. 1993ರಲ್ಲಿ ಕಟ್ಟಿದ್ದು. ಹೆಚ್ಚು ಕಾಲ ಖಾಲಿ ಬಿದ್ದಿತ್ತು. 2018ರ ಮಾರ್ಚಿನಲ್ಲಿ ಉಡಾನ್ ಯೋಜನೆಯಲ್ಲಿ ಚೆನ್ನೈಗೆ ವಿಮಾನ ಬಂತು, 2021ರಲ್ಲಿ ನಿಂತಿತು, 2023ರ ಅಕ್ಟೋಬರಿನಲ್ಲಿ ಮತ್ತೆ ಶುರುವಾಯ್ತು. ಬೆಂಗಳೂರಿಗೆ ಹೋಗಿಬರೋ ನಮ್ಮೋರಿಗೂ ಅನುಕೂಲವೇ. ವಿಮಾನ ಬೇಡ ಅಂತ ಹೇಳೋಕೆ ಈ ಬರಹ ಅಲ್ಲ.

ಈಗಿರೋ ನಿಲ್ದಾಣಕ್ಕೆ 136 ಎಕರೆ ಸಾಲದು, ಇನ್ನೂ ಸುಮಾರು 570 ಎಕರೆ ಬೇಕು ಅನ್ನೋದು ವಿಸ್ತರಣೆಯ ಲೆಕ್ಕ. ಕಾಮಲಾಪುರ, ಪೊಟ್ಟಿಪುರ, ಸಿಕ್ಕನಂಪಟ್ಟಿ, ತುಂಬಿಪಾಡಿ ಊರುಗಳ ಹೊಲಗಳು. 2018ರಲ್ಲಿ ಆ ಊರಿನ ರೈತರು ಬೀದಿಗಿಳಿದದ್ದು, ಬೆಂಬಲಕ್ಕೆ ಹೋದವರು ಜೈಲು ಕಂಡದ್ದು ಎಲ್ಲರಿಗೂ ಗೊತ್ತು. ಆಗ ಎದ್ದ ಪ್ರಶ್ನೆ ಮುಖ್ಯವಾಗಿ ಭೂಮಿಯದ್ದು, ಪರಿಹಾರದ್ದು. ನಾವು ಕೇಳಬೇಕಾದದ್ದು ಇನ್ನೊಂದಿದೆ. ನೀರು.

ಒಂದು ಸಣ್ಣ ಲೆಕ್ಕ. 570 ಎಕರೆ ಮೇಲೆ ಒಂದು ಸೆಂಟಿಮೀಟರ್ ಮಳೆ ಬಿದ್ರೆ ಸುಮಾರು 2 ಕೋಟಿ 30 ಲಕ್ಷ ಲೀಟರ್ ನೀರು. 12,000 ಲೀಟರಿನ ತಣ್ಣೀರ್ ಲಾರಿಯಲ್ಲಿ ತುಂಬಿದ್ರೆ 1,900 ಲಾರಿ. ಅದು ಒಂದೇ ಸೆಂಟಿಮೀಟರಿಗೆ. ಐಪ್ಪಸಿ ತಿಂಗಳ ಮಳೆ ಒಂದು ಸೆಂಟಿಮೀಟರಿಗೆ ನಿಲ್ಲುತ್ತಾ? ಹೊಲದಲ್ಲಿ ಬದು ಇದೆ, ಉತ್ತ ಮಣ್ಣಿದೆ, ಬಾವಿ ಇದೆ. ಬಿದ್ದ ನೀರಲ್ಲಿ ಬಹುಪಾಲು ಅಲ್ಲೇ ಇಂಗುತ್ತೆ. ರನ್‌ವೇ ಹಾಗಲ್ಲ. ಅದನ್ನ ಕಟ್ಟೋದೇ ನೀರು ನಿಲ್ಲದ ಹಾಗೆ. ನಿಂತರೆ ವಿಮಾನದ ಚಕ್ರ ಜಾರುತ್ತೆ. ಪೂರಾ 570 ಎಕರೆ ಕಾಂಕ್ರೀಟ್ ಆಗಲ್ಲ, ನಿಜ. ಆದ್ರೂ ನೆಲ ತಟ್ಟಿ ಮಟ್ಟಮಾಡಿದ ಮೇಲೆ, ನಾಲ್ಕು ಕಡೆ ಗೋಡೆ ಎದ್ದ ಮೇಲೆ, ಮೊದಲಿನ ಓಡೆಗಳು ಮೊದಲಿನ ದಾರಿಯಲ್ಲಿ ಹರಿಯಲ್ಲ. ಕೆಲವು ಕೆರೆಗೆ ನೀರು ಬರೋದೇ ನಿಲ್ಲುತ್ತೆ, ಕೆಲವು ಹೊಲಕ್ಕೆ ಬೇಡದ ನೀರು ನುಗ್ಗುತ್ತೆ.

(ನಾವು ಏರಿ ಅಂದ್ರೆ ಕೆರೆಯ ಕಟ್ಟೆ, ತಮಿಳಲ್ಲಿ ಏರಿ ಅಂದ್ರೆ ಕೆರೆಯೇ. ಅರ್ಜಿ ಬರೆಯೋವಾಗ ಇದನ್ನ ನೆನಪಿಡಿ, ಇಲ್ಲಾಂದ್ರೆ ಕೇಳಿದ್ದು ಒಂದು, ಅವರು ಅಳೆಯೋದು ಇನ್ನೊಂದು!)

ದಾರಿ ತಪ್ಪಿಸಿದ ನೀರು ನಿಲ್ದಾಣವನ್ನೂ ಬಿಡಲ್ಲ. 2015ರ ಡಿಸೆಂಬರಿನಲ್ಲಿ ಚೆನ್ನೈ ವಿಮಾನ ನಿಲ್ದಾಣ ದಿನಗಟ್ಟಲೆ ಮುಚ್ಚಿತ್ತು. ಅದರ ಎರಡನೇ ರನ್‌ವೇ ಅಡ್ಯಾರ್ ಹೊಳೆಯ ಮೇಲೇ ಹಾದುಹೋಗಿದೆ. 2018ರ ಆಗಸ್ಟಿನಲ್ಲಿ ಕೊಚ್ಚಿ ನಿಲ್ದಾಣ ನೀರು ನುಗ್ಗಿ ಎರಡು ವಾರ ಮುಚ್ಚಿತ್ತು.

ಕಾಮಲಾಪುರದ ಸೀಮೆ ಸರಬಂಗ ಹೊಳೆಯ ಸೀಮೆ. ಸೇರ್ವರಾಯನ್ ಬೆಟ್ಟದಲ್ಲಿ ಹುಟ್ಟಿ, ಓಮಲೂರು ದಾಟಿ, ಮೇಟೂರಿನ ಕೆಳಗಡೆ ಕಾವೇರಿ ಸೇರೋ ಹೊಳೆ ಅದು. ಇದೇ ಸೀಮೆಯ ಒಣಕೆರೆಗಳಿಗೆ ಮೇಟೂರಿನ ಹೆಚ್ಚುವರಿ ನೀರು ಎತ್ತಿ ತುಂಬಿಸೋಕೆ ಸರ್ಕಾರ 565 ಕೋಟಿಯ ಯೋಜನೆ ಮಾಡಿತು, ನೂರು ಕೆರೆ ಲೆಕ್ಕದಲ್ಲಿ. ಒಂದು ಕಡೆ ಪಂಪ್ ಹಾಕಿ ಕೆರೆ ತುಂಬಿಸೋದು, ಇನ್ನೊಂದು ಕಡೆ ತಾನಾಗಿ ಬರೋ ನೀರಿನ ದಾರಿ ಮುಚ್ಚೋದು. ಎರಡೂ ಇಲಾಖೆಯೋರು ಒಂದೇ ಮೇಜಿನಲ್ಲಿ ಕೂತು ನಕ್ಷೆ ಬಿಡಿಸಿ ನೋಡಲಿ ಅನ್ನೋದು ದೊಡ್ಡ ಬೇಡಿಕೆಯೇನಲ್ಲ.

ಇದು ನೀರಿನ ಅಳತೆ ಆಯ್ತು. ನೀರಿನ ಗುಣ? ವಿಮಾನ ನಿಲ್ದಾಣದ ಮಳೆನೀರಲ್ಲಿ ಇಂಧನ, ಎಣ್ಣೆ, ಚಕ್ರ ಉಜ್ಜಿದ ರಬ್ಬರು, ತೊಳೆದ ಸೋಪಿನ ನೀರು ಇರುತ್ತೆ. ಇವು ಕಣ್ಣಿಗೆ ಕಾಣುತ್ತೆ, ಮೂಗಿಗೆ ಹೊಡೆಯುತ್ತೆ. ಕಾಣದ್ದು ಇನ್ನೊಂದಿದೆ: ಬೆಂಕಿ ಆರಿಸೋ ನೊರೆ. ಲೋಕದ ಎಷ್ಟೋ ನಿಲ್ದಾಣಗಳಲ್ಲಿ ತರಬೇತಿಗೆ ಅಂತ ಚೆಲ್ಲಿದ ನೊರೆಯಲ್ಲಿ ಪಿಎಫ್‌ಎಎಸ್ ಅನ್ನೋ ಕೊಳೆಯದ ರಾಸಾಯನಿಕ ಇತ್ತು. ಸ್ವೀಡನ್ನಿನ ರಾನೆಬಿ ಅನ್ನೋ ಊರಲ್ಲಿ ವಾಯುನೆಲೆಯ ನೊರೆ ಕುಡಿಯೋ ನೀರಿಗೆ ಸೇರಿದ್ದು 2013ರಲ್ಲಿ ಗೊತ್ತಾಯ್ತು. ಜನ ಕೋರ್ಟಿಗೆ ಹೋದ್ರು. ರಕ್ತದಲ್ಲಿ ಅದು ಹೆಚ್ಚಿದ್ದೇ ದೇಹಕ್ಕಾದ ಹಾನಿ ಅಂತ 2023ರ ಡಿಸೆಂಬರಿನಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಹೇಳಿತು. ಹತ್ತು ವರ್ಷ ಆಯ್ತು ನೋಡಿ, ಅಷ್ಟು ಹೇಳಿಸಿಕೊಳ್ಳೋಕೆ.

ಕಾಣದ ವಿಷ ಅಂದ್ರೆ ಏನು ಅಂತ ಧರ್ಮಪುರಿ ಜನಕ್ಕೆ ಯಾರೂ ಪಾಠ ಹೇಳಬೇಕಿಲ್ಲ. ಫ್ಲೋರೈಡ್ ನೀರು ತಿಳಿಯಾಗೇ ಇರುತ್ತೆ. ಮಕ್ಕಳ ಹಲ್ಲು ಕಂದಿದ ಮೇಲೆ, ದೊಡ್ಡೋರ ಮೂಳೆ ಬಾಗಿದ ಮೇಲೆ ತಾನೇ ಬಾವಿ ನೀರು ಪರೀಕ್ಷೆಗೆ ಹೋಗಿದ್ದು? ಹೊಗೇನಕಲ್ ನೀರು ಬರೋಕೆ 2013 ಆಗಬೇಕಾಯ್ತು. ಅದಕ್ಕೇ ಹೇಳೋದು, ಅಳತೆ ಮೊದಲು ಆಗಬೇಕು, ಕಾಮಗಾರಿ ಆಮೇಲೆ.

ಕಾನೂನು ಏನು ಹೇಳುತ್ತೆ? 1974ರ ಜಲ ಕಾಯ್ದೆ ಪ್ರಕಾರ ಕೊಳಚೆ ಬಿಡೋರು ಮಾಲಿನ್ಯ ನಿಯಂತ್ರಣ ಮಂಡಳಿಯ ಒಪ್ಪಿಗೆ ಪಡೀಬೇಕು. ಆದ್ರೆ ಅಮೆರಿಕದಲ್ಲಿ 1990ರ ನಿಯಮದಿಂದ ವಿಮಾನ ನಿಲ್ದಾಣದ ಮಳೆನೀರಿಗೇ ಬೇರೆ ಪರವಾನಗಿ ಇರೋ ಹಾಗೆ ನಮ್ಮಲ್ಲಿಲ್ಲ. ನಮ್ಮಲ್ಲಿ ಎಲ್ಲಾ ಪರಿಸರ ಅನುಮತಿ ಪತ್ರದ ಷರತ್ತುಗಳ ಮೇಲೆ ನಿಂತಿದೆ. ಎಣ್ಣೆ ಬೇರ್ಪಡಿಸೋ ತೊಟ್ಟಿ, ಮೊದಲ ಮಳೆ ಹಿಡಿದಿಡೋ ಕೊಳ, ಸುತ್ತಲ ಬಾವಿಗಳ ಪರೀಕ್ಷೆ, ಫ್ಲೋರಿನ್ ಇಲ್ಲದ ನೊರೆ: ಷರತ್ತಿನಲ್ಲಿ ಬರೆದ್ರೆ ಉಂಟು, ಬರೆಯದಿದ್ರೆ ಕೇಳೋ ಹಕ್ಕು ಅರ್ಧ ಹೋಯ್ತು. ಬರೆಸೋ ಜಾಗ ಸಾರ್ವಜನಿಕ ವಿಚಾರಣೆ. 2006ರ ಅಧಿಸೂಚನೆ ಪ್ರಕಾರ ಅದಕ್ಕೆ ಕನಿಷ್ಠ 30 ದಿನದ ಮುಂಚೆ ನೋಟೀಸು ಕೊಡಬೇಕು, ವರದಿಯ ಸಾರಾಂಶ ಸ್ಥಳೀಯ ಭಾಷೆಯಲ್ಲೂ ಇರಬೇಕು.

ಇಲ್ಲೇ ನಮ್ಮ ಮಾತು ಬರೋದು. ಸ್ಥಳೀಯ ಭಾಷೆ ಅಂದ್ರೆ ಇಲ್ಲಿನ ಆಫೀಸಿಗೆ ಒಂದೇ ಭಾಷೆ. ತಮಿಳು ನಮಗೂ ಬರುತ್ತೆ, ಅದರ ಮೇಲೆ ನಮಗೇನೂ ಕೋಪ ಇಲ್ಲ. ಆದ್ರೆ ಮನೆಯಲ್ಲಿ ಕನ್ನಡ ಮಾತ್ರ ಆಡಿ ಬೆಳೆದ ಅಜ್ಜಿಗೆ, ಬಾವಿ ನೀರು ನಲವತ್ತು ವರ್ಷ ಸೇದಿದವಳಿಗೆ, ಆ ವರದಿ ಯಾರು ಓದಿ ಹೇಳೋದು? ತಾಲೂಕಿನ ಜನದಲ್ಲಿ ನೂರಕ್ಕೆ ಹದಿನೈದು ಅಲ್ಪಸಂಖ್ಯಾತ ಭಾಷೆಯೋರಿದ್ರೆ ಮುಖ್ಯ ಸರ್ಕಾರಿ ನೋಟೀಸು ಅವರ ಭಾಷೆಯಲ್ಲೂ ಬರಬೇಕು ಅನ್ನೋದು ಕೇಂದ್ರ ಒಪ್ಪಿದ ರಕ್ಷಣೆ. 2020ರಲ್ಲಿ ಪರಿಸರ ಕರಡು ಅಧಿಸೂಚನೆಯನ್ನ ಎಂಟನೇ ಪರಿಚ್ಛೇದದ 22 ಭಾಷೆಗೂ ತರಬೇಕು ಅಂತ ದೆಹಲಿ ಹೈಕೋರ್ಟ್ ಹೇಳಿತ್ತು. ಅದಕ್ಕಿಂತ ಗಟ್ಟಿ ಸಂವಿಧಾನದ 350ನೇ ವಿಧಿ: ರಾಜ್ಯದಲ್ಲಿ ಬಳಕೆಯಲ್ಲಿರೋ ಯಾವ ಭಾಷೆಯಲ್ಲಿ ಬೇಕಾದ್ರೂ ದೂರು ಕೊಡಬಹುದು. ಕನ್ನಡದಲ್ಲಿ ಬರೆದ ಮನು ತಗೊಳ್ಳಲ್ಲ ಅಂತ ಯಾವ ಅಧಿಕಾರಿಯೂ ಹೇಳೋ ಹಾಗಿಲ್ಲ.

ಹೊಸೂರಿನ ಬಂಧುಗಳಿಗೂ ಇದೇ ಮಾತು. ಅಲ್ಲಿ 2,000 ಎಕರೆಯ ನಿಲ್ದಾಣ ಅಂತ 2024ರ ಜೂನಿನಲ್ಲಿ ವಿಧಾನಸಭೆಯಲ್ಲೇ ಘೋಷಣೆ ಆಯ್ತು. ಒಂದು ಸೆಂಟಿಮೀಟರಿಗೆ 8 ಕೋಟಿ ಲೀಟರ್. ಕೆಲವರಪಲ್ಲಿ ಅಣೆಕಟ್ಟಿನಲ್ಲಿ ಬೆಂಗಳೂರಿನ ನೊರೆ ಈಗಲೇ ತೇಲ್ತಾ ಇದೆ. ಅದೇ ದಕ್ಷಿಣ ಪೆನ್ನೆ ಕೃಷ್ಣಗಿರಿ ಅಣೆಗೆ ಹೋಗುತ್ತೆ, ಧರ್ಮಪುರಿ ಜಿಲ್ಲೆಗೂ ಬರುತ್ತೆ.

ಈಗ ಮಾಡಬೇಕಾದ್ದು. ಕಾಮಲಾಪುರ ಸುತ್ತ ಬಾವಿ, ಬೋರ್ ಇರೋರು ನೀರನ್ನ ಟ್ವಾಡ್ ಬೋರ್ಡಿನ ಜಿಲ್ಲಾ ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿಸಿ ರಸೀದಿ, ವರದಿ ಎರಡೂ ಜೋಪಾನ ಇಡಿ. ಕೆಲಸ ಶುರುವಾಗೋ ಮೊದಲಿನ ತಾರೀಖು ಅದರಲ್ಲಿ ಇರಬೇಕು. ಮಳೆ ಬಂದಾಗ ಓಡೆ ಹರಿಯೋ ದಾರಿ ಫೋನಲ್ಲಿ ಚಿತ್ರ ಹಿಡೀರಿ. ಗ್ರಾಮಸಭೆ ವರ್ಷಕ್ಕೆ ಆರು ಸಲ, ಅದರಲ್ಲಿ ಮಾರ್ಚ್ 22 ನೀರಿನ ದಿನ, ನವೆಂಬರ್ 1 ಹೇಗೂ ನಮಗೆ ನೆನಪಿರೋ ದಿನ. ಎರಡು ದಿನವೂ ತೀರ್ಮಾನದ ಪುಸ್ತಕದಲ್ಲಿ ನೀರಿನ ವಿಷಯ ಬರೆಸಿ. ಸೋಮವಾರ ಕಲೆಕ್ಟರ್ ಆಫೀಸಿಗೆ ಹೋಗೋರು ಮನುವನ್ನ ಕನ್ನಡದಲ್ಲಿ ಒಂದು, ತಮಿಳಿನಲ್ಲಿ ಒಂದು ಪ್ರತಿ ತಗೊಂಡು ಹೋಗಿ, ಎರಡಕ್ಕೂ ಸೀಲು ಹಾಕಿಸಿಕೊಳ್ಳಿ. ಬರೆಯೋಕೆ ಸಹಾಯ ಬೇಕಿದ್ರೆ ಈ ಪುಟಕ್ಕೆ ತಿಳಿಸಿ, ಕೂತು ಬರೆಯೋಣ.