ಬಾಗಿಲು ಎಣಿಸಿದ್ದು ಸಾಕು

ಜಯಲಕ್ಷ್ಮಿವಿಲಾಸದ ಸುದ್ದಿ ಬಂದಾಗಲೆಲ್ಲ ಪತ್ರಿಕೆಗಳು ಅದೇ ಲೆಕ್ಕ ಒಪ್ಪಿಸುತ್ತವೆ: 1905ರ ಅರಮನೆ, ಇಷ್ಟು ಕೋಣೆ, ಇಷ್ಟು ಬಾಗಿಲು, ದುರಸ್ತಿಗೆ ಇಷ್ಟು ಕೋಟಿ. ನಮ್ಮ ಜಯಲಕ್ಷ್ಮಿಪುರಂನಿಂದ ಹುಣಸೂರು ರಸ್ತೆ ದಾಟಿದರೆ ಆ ಅರಮನೆ ಇರುವ ಮೈಸೂರು ವಿಶ್ವವಿದ್ಯಾನಿಲಯದ ಆವರಣ, ಮಾನಸಗಂಗೋತ್ರಿ. ಇಷ್ಟು ಹತ್ತಿರದಲ್ಲಿದ್ದೂ ಆ ಅರಮನೆಯ ಜಾನಪದ ವಸ್ತುಸಂಗ್ರಹಾಲಯ ಕಟ್ಟಿದವರ ಹೆಸರು ಕೇಳಿದರೆ ಊರಿನ ಕಲಾವಲಯವೇ ತಡವರಿಸುತ್ತದೆ.

ಪಿ.ಆರ್. ತಿಪ್ಪೇಸ್ವಾಮಿ. 1922ರಲ್ಲಿ ಹಿರಿಯೂರು ತಾಲ್ಲೂಕಿನ ಹರ್ತಿಕೋಟೆಯಲ್ಲಿ ಹುಟ್ಟಿ ಮೈಸೂರಿನಲ್ಲಿ ನೆಲೆಸಿದವರು, ಮಲೆನಾಡಿನ ಜಲವರ್ಣ ಚಿತ್ರಗಳಿಗೆ ಹೆಸರಾದವರು. 1968ರಲ್ಲಿ ಸಂಗ್ರಹಾಲಯ ಶುರುವಾದಾಗ ಕನ್ನಡ ವಿದ್ವಾಂಸ ದೇಜಗೌ ಅವರ ಒತ್ತಾಸೆ ಇತ್ತು, ಜಾನಪದ ತಜ್ಞ ಜೀಶಂಪ ಅವರ ವಿದ್ವತ್ತು ಇತ್ತು. ಊರೂರು ಅಲೆದು ನೋಡಿ, ಆರಿಸಿ, ತಂದು ಜೋಡಿಸಿದ ಕಣ್ಣು ತಿಪ್ಪೇಸ್ವಾಮಿಯವರದು. ಕಲಾ ಇತಿಹಾಸವೆಂದರೆ ಹೊಯ್ಸಳ, ವಿಜಯನಗರ, ಹೆಚ್ಚೆಂದರೆ ಮೈಸೂರು ಶೈಲಿಯ ಚಿತ್ರ ಎಂದು ಪಾಠ ಹೇಳಿಕೊಂಡು ಬಂದ ನಮ್ಮ ಪಂಡಿತರು ಅವರನ್ನು ‘ಸಂಗ್ರಾಹಕರು’ ಎಂದು ಒಂದು ಸಾಲಿನಲ್ಲಿ ಮುಗಿಸುತ್ತಾರೆ. ಇದನ್ನು ನಾವು ಒಪ್ಪುವುದಿಲ್ಲ.

ಆ ಸಂಗ್ರಹದ ತೊಗಲುಗೊಂಬೆಯೊಂದನ್ನು ಹತ್ತಿರದಿಂದ ನೋಡಿ. ಹದ ಮಾಡಿದ ಚರ್ಮ ಬೆಳಕು ಹಾಯುವಷ್ಟು ತೆಳು. ಒಡವೆ, ಸೆರಗಿನ ಅಂಚು ಎಲ್ಲವೂ ಉಳಿಯಿಂದ ಚುಚ್ಚಿದ ಸಣ್ಣ ತೂತುಗಳಲ್ಲಿ ಮೂಡಿರುತ್ತವೆ. ಗೋಡೆಗೆ ಒತ್ತಿ ನೇತುಹಾಕಿದರೆ ಬರೀ ಮಂಕು ತೊಗಲು. ಹಿಂದೆ ದೀಪವಿಟ್ಟಾಗ ರಾಮ, ರಾವಣ. ತೇವ ತಾಕಿದರೆ ಸುರುಟಿಕೊಳ್ಳುತ್ತದೆ. ಯಾವ ಊರಿನ ಯಾವ ಮೇಳದ್ದು ಎಂಬ ಚೀಟಿ ಹೋದರೆ ಅದರ ಚರಿತ್ರೆಯೂ ಹೋಯಿತು. ಯಾವುದನ್ನು ತರಬೇಕು, ಯಾವುದರ ಪಕ್ಕ ಯಾವುದನ್ನಿಡಬೇಕು ಎಂದು ತೀರ್ಮಾನಿಸುವುದೂ ಕಲಾ ಇತಿಹಾಸದ ಬರವಣಿಗೆಯೇ. ಸೋಮನ ಕುಣಿತದ ಮುಖವಾಡ, ಯಕ್ಷಗಾನದ ಕಿರೀಟಗಳಿಗೆ ವಿಶ್ವವಿದ್ಯಾನಿಲಯದ ಅಂಗಳದಲ್ಲಿ ಜಾಗ ದೊರಕಿಸಿದ ಮನುಷ್ಯ ಈ ನಾಡಿನ ಕಲೆಯ ಗಡಿಯನ್ನೇ ಹಿಗ್ಗಿಸಿದರು.

ಈ ಶತಮಾನದ ಆರಂಭದಲ್ಲಿ ಇನ್ಫೊಸಿಸ್ ಪ್ರತಿಷ್ಠಾನದ ನೆರವಿನಿಂದ ಕಟ್ಟಡ ದುರಸ್ತಿಯಾಯಿತು. ಮತ್ತೆ ಶಿಥಿಲವಾಯಿತು, ಮತ್ತೆ ಅನುದಾನದ ಮಾತು ಬಂತು. ಗಾರೆ-ಗಚ್ಚಿಗೆ ದುಡ್ಡು ಹೇಗೋ ಹುಟ್ಟುತ್ತದೆ. ವಸ್ತುಗಳನ್ನು ಬಲ್ಲ ಕ್ಯುರೇಟರನ್ನು ನೇಮಿಸಿ, ಸಂಬಳ ಕೊಟ್ಟು ಉಳಿಸಿಕೊಳ್ಳಬೇಕೆಂದರೆ ಕರ್ನಾಟಕದ ಯಾವ ಸಂಗ್ರಹಾಲಯದ ಕಡತವೂ ಸಲೀಸಾಗಿ ಚಲಿಸುವುದಿಲ್ಲ. ತಿಪ್ಪೇಸ್ವಾಮಿಯವರ ನೂರನೇ ವರ್ಷ 2022ರಲ್ಲೇ ಕಳೆದುಹೋಯಿತು.

ಈ ಸಂಚಿಕೆಯ ವಿಷಯ ನಮ್ಮ ವಸ್ತುಸಂಗ್ರಹಾಲಯಗಳು. ಆ ನೆಪದಲ್ಲಿ ನಮ್ಮ ಬೇಡಿಕೆ ಇದು.

ವಿಶ್ವವಿದ್ಯಾನಿಲಯ ಜಾನಪದ ಸಂಗ್ರಹಾಲಯದ 6,500ರಷ್ಟು ವಸ್ತುಗಳ ಸಚಿತ್ರ ಸೂಚಿಯನ್ನು, ಪ್ರತಿಯೊಂದರ ಊರು, ಕೊಟ್ಟವರು, ಬಳಕೆಯ ವಿವರ ಸಮೇತ, ಕನ್ನಡದಲ್ಲಿ, ಸಾಮಾನ್ಯ ಓದುಗರ ಕೈಗೆಟಕುವ ಬೆಲೆಗೆ ಅಚ್ಚು ಹಾಕಿಸಲಿ. ತಿಪ್ಪೇಸ್ವಾಮಿಯವರ ಜೊತೆ ಹಳ್ಳಿ ಸುತ್ತಿದವರು, ಅಟ್ಟದಿಂದ ಹಳೆಯ ಸಾಮಾನು ಇಳಿಸಿಕೊಟ್ಟ ಮನೆಯವರು ದಯವಿಟ್ಟು ನಮಗೆ ಬರೆಯಿರಿ. ಮುಂದಿನ ಸಂಚಿಕೆಯಿಂದಲೇ ಪ್ರಕಟಿಸುತ್ತೇವೆ.